ಏಪ್ರಿಲ್‌ನಲ್ಲಿ ಮರುಭೂಮಿಗೆ ಹೋದರೆ ಹಕ್ಕಿ ಕಾಣುತ್ತವೆಯೇ?

ಪ್ರಶ್ನೆ: ನಾವು ಅರಿಜೋನಾದ ಚಾಂಡ್ಲರ್‌ಗೆ ಬಂದು ಮೂರು ವರ್ಷವಾಯಿತು. ಏಪ್ರಿಲ್ ಎರಡನೇ ವಾರ ನನ್ನ ಕಾಲೇಜು ಗೆಳತಿ ಮೈಸೂರಿನಿಂದ ಹತ್ತು ದಿನದ ಮಟ್ಟಿಗೆ ಬರುತ್ತಿದ್ದಾಳೆ. ಅವಳಿಗೆ ಹಕ್ಕಿ ಎಂದರೆ ಪ್ರಾಣ. ನನಗೆ ಅದರ ಗಂಧಗಾಳಿಯೂ ಇಲ್ಲ. ‘ಫೆಬ್ರವರಿ ಕಳೆದ ಮೇಲೆ ಇಲ್ಲಿ ಹಕ್ಕಿ ಎಲ್ಲಿರುತ್ತವೆ, ಕ್ಯಾಲಿಫೋರ್ನಿಯಾದ ಕಡಲತೀರಕ್ಕೆ ಕರೆದುಕೊಂಡು ಹೋಗು’ ಎನ್ನುತ್ತಾರೆ ಪರಿಚಯದವರು. ಅವಳಿಗೋ ನೆಲದ ಮೇಲೆ ಓಡುವ ರೋಡ್‌ರನ್ನರ್, ಎಲ್ಫ್ ಗೂಬೆ ಎರಡನ್ನೂ ನೋಡಲೇಬೇಕು. ಫೋನಿನಲ್ಲಿ ಗೂಬೆಯ ಕೂಗಿನ ರೆಕಾರ್ಡಿಂಗ್ ಹಾಕಿದರೆ ಅದು ತಾನಾಗಿ ಹೊರಗೆ ಬರುತ್ತದಂತೆ, ನಿಜವೇ? ನಮ್ಮ ಹಿತ್ತಿಲ ಗೋಡೆಯ ಪಕ್ಕದ ಮುಳ್ಳುಕಳ್ಳಿಯಲ್ಲಿ ಚುಕ್ಕೆಚುಕ್ಕೆಯ ಕಂದು ಹಕ್ಕಿಯೊಂದು ಗೂಡು ಕಟ್ಟಿದೆ. ಹತ್ತಿರ ಹೋಗಿ ಫೋಟೊ ತೆಗೆಯಬಹುದೇ? ಗೆಳತಿಗೆ 57 ವರ್ಷ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾಳೆ. ಬಿಸಿಲು, ರ‍್ಯಾಟಲ್ ಹಾವು ನೆನೆಸಿಕೊಂಡರೆ ಈಗಲೇ ನಿದ್ದೆ ಬರುವುದಿಲ್ಲ. ಏನು ಮಾಡಲಿ?

ಉತ್ತರ: ಪ್ರಶ್ನೆಗಳು ಹಲವು ಇದ್ದರೂ ನಿಮ್ಮ ಅಳುಕು ಎರಡೇ. ಅಷ್ಟು ದೂರದಿಂದ ಬಂದವರಿಗೆ ತೋರಿಸಲು ಏನೂ ಸಿಗದೆ ಹೋದರೆ? ಮರುಭೂಮಿಗೆ ಕರೆದುಕೊಂಡು ಹೋಗಿ ಅವರಿಗೆ ಏನಾದರೂ ಆದರೆ? ಈ ನೆಲದಲ್ಲಿ ಗೂಡುಗಳ ಮೇಲೆ ಕಣ್ಣಿಡುವುದು, ಬಂದವರಿಗೆ ಹಕ್ಕಿ ತೋರಿಸುವುದು ನನ್ನ ಕೆಲಸ. ಅದರ ಮೇಲೆ ಹೇಳುತ್ತೇನೆ: ಮೊದಲನೆಯದಕ್ಕೆ ನೀವು ಅಂಜಬೇಕಿಲ್ಲ. ಎರಡನೆಯದು ಅಂಜಬೇಕಾದ ವಿಷಯವೇ, ಆದರೆ ಅಪಾಯ ಇರುವುದು ನೀವು ನೋಡುತ್ತಿರುವ ದಿಕ್ಕಿನಲ್ಲಲ್ಲ. ಕಡಲತೀರದ ಯೋಚನೆ ಬಿಡಿ. ನಿಮ್ಮ ಸುತ್ತಲಿನ ಈ ಸೊನೊರನ್ ಮರುಭೂಮಿಗೆ ಬರಲು ಏಪ್ರಿಲ್ ಎರಡನೇ ವಾರಕ್ಕಿಂತ ಒಳ್ಳೆಯ ಸಮಯ ವರ್ಷದಲ್ಲಿ ಇನ್ನೊಂದಿಲ್ಲ ಎನ್ನುವವನು ನಾನು.

‘ಫೆಬ್ರವರಿ ಕಳೆದ ಮೇಲೆ ಹಕ್ಕಿ ಇಲ್ಲ’ ಎನ್ನುವುದು ಎಲ್ಲಿಂದ ಬಂತು ಎಂದರೆ, ಚಳಿಗಾಲದ ಅತಿಥಿಗಳು ಆಗ ಹೊರಡುತ್ತವೆ. ಆಗ್ನೇಯ ಅರಿಜೋನಾದ ಬಯಲುಗಳಲ್ಲಿ ಸಾವಿರಗಟ್ಟಲೆ ಇಳಿಯುವ ಸ್ಯಾಂಡ್‌ಹಿಲ್ ಕೊಕ್ಕರೆಗಳು ಮಾರ್ಚ್ ಹೊತ್ತಿಗೆ ಉತ್ತರಕ್ಕೆ ಹಾರಿರುತ್ತವೆ. ಊರ ಕೆರೆಗಳ ಬಾತುಗಳು ವಿರಳವಾಗುತ್ತವೆ. ಕೆರೆಯನ್ನಷ್ಟೇ ನೋಡುವವರಿಗೆ ಎಲ್ಲ ಬರಿದಾದಂತೆ ಕಾಣುವುದು ಸಹಜ. ಆದರೆ ಮರುಭೂಮಿಯದೇ ಆದ ಹಕ್ಕಿಗಳ ಸಂಸಾರ ಶುರುವಾಗುವುದೇ ಆಗ.

ನೀವು ಕೇಳಿದ ವಾರದಲ್ಲಿ ಮೂರು ಬಗೆಯ ಹಕ್ಕಿಗಳು ಒಟ್ಟಿಗೆ ಇರುತ್ತವೆ. ವರ್ಷವಿಡೀ ಇಲ್ಲೇ ಇರುವವು ಮೊಟ್ಟೆ, ಮರಿಗಳ ಗಡಿಬಿಡಿಯಲ್ಲಿರುತ್ತವೆ. ಮೆಕ್ಸಿಕೊದಲ್ಲಿ ಚಳಿಗಾಲ ಕಳೆದವು ಗೂಡು ಕಟ್ಟಲು ಬಂದಿರುತ್ತವೆ, ಇಲ್ಲವೇ ಬರುತ್ತಿರುತ್ತವೆ: ಲೂಸೀಸ್ ವಾರ್ಬ್ಲರ್, ಹೂಡೆಡ್ ಓರಿಯೋಲ್, ಬಿಳಿರೆಕ್ಕೆಯ ಪಾರಿವಾಳ, ನಿಮ್ಮ ಗೆಳತಿಯ ಎಲ್ಫ್ ಗೂಬೆ. ಮೂರನೆಯವು ದಾರಿಹೋಕರು. ಇನ್ನೂ ಉತ್ತರಕ್ಕೆ ಹೋಗಬೇಕಾದ ಇವು ನೀರು, ಮರ ಕಂಡಲ್ಲಿ ಒಂದೆರಡು ದಿನ ತಂಗಿ ಮೈ ತುಂಬಿಕೊಂಡು ಹೊರಡುತ್ತವೆ. ಏಪ್ರಿಲ್ ಕೊನೆಗೆ ಇವುಗಳ ದಟ್ಟಣೆ ಹೆಚ್ಚು. ಆದರೆ ಆಗ ಬಿಸಿಲೂ ಏರಿರುತ್ತದೆ. ಎರಡನ್ನೂ ತೂಗಿದರೆ ನಿಮ್ಮ ಗೆಳತಿ ಆರಿಸಿಕೊಂಡ ವಾರವೇ ಸರಿ.

ಇಷ್ಟೊಂದು ಹಕ್ಕಿಗಳನ್ನು ಈ ಒಣನೆಲ ಹೇಗೆ ಸಾಕುತ್ತದೆ ಎಂದು ಕೇಳಬಹುದು. ಇಲ್ಲಿ ಮಳೆಗಾಲ ಎರಡು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಪೆಸಿಫಿಕ್ ಕಡೆಯಿಂದ ಬರುವ ಜಿನುಗು ಮಳೆ ಒಂದು, ಜುಲೈನಲ್ಲಿ ಶುರುವಾಗುವ ಗುಡುಗುಮಳೆ ಇನ್ನೊಂದು. ವಸಂತದ ಹೂ, ಹುಳು, ಹಸಿರು ಎಲ್ಲವೂ ಚಳಿಗಾಲದ ಮಳೆಯ ಫಲ. ತಲೆಯ ಮೇಲೆ ಕಪ್ಪು ಜುಟ್ಟು ತೂಗಾಡಿಸುತ್ತ ಓಡುವ ಗ್ಯಾಂಬೆಲ್ಸ್ ಕ್ವೇಲ್ ಇದೆಯಲ್ಲ, ನಮ್ಮ ಬುರ್ಲಿಯ ದೂರದ ನಂಟ, ಅದರ ಹಿಂದೆ ಎಷ್ಟು ಮರಿಗಳು ಸಾಲುಗಟ್ಟುತ್ತವೆ ಎನ್ನುವುದನ್ನು ನಿರ್ಧರಿಸುವುದು ಆ ಚಳಿಗಾಲದ ಮಳೆ. ಮಳೆ ಕೈಕೊಟ್ಟ ವರ್ಷ ಎಷ್ಟೋ ಜೋಡಿಗಳು ಗೂಡಿನ ಗೊಡವೆಗೇ ಹೋಗುವುದಿಲ್ಲ. ಹಾಗಾಗಿ ಈ ಸಲ ಎಷ್ಟು ಮರಿ ಕಂಡವು ಎಂದು ಗೆಳತಿ ಕೇಳಿದರೆ ನೀವು ಚಳಿಗಾಲದ ಮಳೆಯ ಲೆಕ್ಕವನ್ನೂ ಜೊತೆಗೇ ಹೇಳಬೇಕಾಗುತ್ತದೆ.

ಆದರೂ ಇಲ್ಲಿನ ಬದುಕಿನ ನಡುಗಂಬ ಎಂದರೆ ಸವಾರೊ ಕಳ್ಳಿ. ನಿಮ್ಮ ಊರಿನ ಆಚೆ ತೋಳೆತ್ತಿ ನಿಂತಿರುತ್ತವಲ್ಲ, ಅವೇ. 12 ಮೀಟರ್ ಮೀರಿ ಬೆಳೆಯುತ್ತವೆ, 150 ವರ್ಷಕ್ಕೂ ಹೆಚ್ಚು ಬದುಕುತ್ತವೆ. ಒಂದು ತೋಳು ಮೂಡಲೇ ಐವತ್ತು, ಎಪ್ಪತ್ತು ವರ್ಷ ಬೇಕು. ಹೀಲಾ ಮರಕುಟಿಗ ಅದರ ಮೈಯಲ್ಲಿ ಪೊಟರೆ ಕೊರೆಯುತ್ತದೆ. ಒಳಗೆಲ್ಲ ನೀರುತುಂಬಿದ ತಿರುಳು, ಆಗಷ್ಟೇ ಕೊರೆದ ಪೊಟರೆ ಒದ್ದೆ ಒದ್ದೆ. ಕಳ್ಳಿ ಆ ಗಾಯದ ಸುತ್ತ ತೊಗಟೆಯಂಥ ಗಟ್ಟಿ ಪದರ ಕಟ್ಟಿಕೊಳ್ಳುತ್ತದೆ. ಅದು ಒಣಗಲು ತಿಂಗಳುಗಳೇ ಹಿಡಿಯುವುದರಿಂದ ಮರಕುಟಿಗ ಸಾಮಾನ್ಯವಾಗಿ ಅದೇ ವಸಂತದಲ್ಲಿ ಅಲ್ಲಿ ಮೊಟ್ಟೆ ಇಡುವುದಿಲ್ಲ. ಮರಕುಟಿಗ ಬಿಟ್ಟ ಮೇಲೆ ಆ ಪೊಟರೆಗೆ ಎಲ್ಫ್ ಗೂಬೆ, ಕಂದುಜುಟ್ಟಿನ ನೊಣಹಿಡುಕ, ಪುಟ್ಟ ಚಾಣ ಕೆಸ್ಟ್ರೆಲ್, ಪರ್ಪಲ್ ಮಾರ್ಟಿನ್ ಹೀಗೆ ಒಬ್ಬರಾದ ಮೇಲೆ ಒಬ್ಬರು ಬಿಡಾರ ಹೂಡುತ್ತಾರೆ. ಒಂದೊಂದು ಹಳೆಯ ಸವಾರೊ ಒಂದೊಂದು ವಠಾರ. ಹೊರಗಿನ ಹವೆಗಿಂತ ಒಳಗೆ ಹಗಲಲ್ಲಿ ತಂಪು, ರಾತ್ರಿಯಲ್ಲಿ ಬೆಚ್ಚಗೆ. ಕಳ್ಳಿ ಸತ್ತು ಕೊಳೆತು ಹೋದ ಮೇಲೂ ಆ ಗಟ್ಟಿ ಪದರ ಬೂಟಿನ ಆಕಾರದಲ್ಲಿ ನೆಲದ ಮೇಲೆ ಉಳಿದಿರುತ್ತದೆ. ಈ ನೆಲದ ಮೂಲನಿವಾಸಿಗಳಾದ ತೊಹೊನೊ ಓಧಮ್ ಜನ ಅದನ್ನು ಪಾತ್ರೆಯಂತೆ ಬಳಸುತ್ತಿದ್ದರು. ಗೆಳತಿಗೆ ಇದೊಂದನ್ನು ತೋರಿಸಿ, ಆದರೆ ಇದ್ದಲ್ಲೇ ಬಿಡಿ.

ಎರಡನೆಯ ತಪ್ಪು ತಿಳಿವಳಿಕೆ, ಮರುಭೂಮಿಯ ಹಕ್ಕಿ ನೋಡಬೇಕಾದರೆ ಮರುಭೂಮಿಯ ಒಳಕ್ಕೆ, ದೂರಕ್ಕೆ ಹೋಗಬೇಕು ಎನ್ನುವುದು. ಜನ ಮೈಲುಗಟ್ಟಲೆ ನಡೆದು ಸುಸ್ತಾಗಿ ಬರುತ್ತಾರೆ, ಕಂಡದ್ದು ನಾಲ್ಕು ಹಕ್ಕಿ. ಇಲ್ಲಿ ಹಕ್ಕಿಗಳು ಹರಡಿಕೊಂಡಿರುವುದಿಲ್ಲ, ಗುಂಪುಗೂಡಿರುತ್ತವೆ. ಒಣಹಳ್ಳಗಳ ಅಂಚನ್ನು ಹಿಡಿಯಿರಿ. ಮೇಲೆ ಬರಿ ಮರಳು ಕಂಡರೂ ಅಡಿಯಲ್ಲಿ ತೇವವಿರುತ್ತದೆ, ಮೆಸ್ಕೀಟ್ ಮರದ ಬೇರು ಅಲ್ಲಿಗೆ ಇಳಿಯುತ್ತದೆ. ಮೆಸ್ಕೀಟ್ ನಿಮ್ಮ ಗೆಳತಿಗೆ ಹೊಸದೇನಲ್ಲ, ನಮ್ಮ ಬಯಲುಸೀಮೆಯ ಬಳ್ಳಾರಿ ಜಾಲಿಯ ಹತ್ತಿರದ ಬಂಧು. ಅಲ್ಲಿ ಅದು ಹೊರಗಿನಿಂದ ಬಂದ ಪೀಡೆ. ಇಲ್ಲಿ ಅದರ ಹೂವಿಗೆ ಹುಳು, ಹುಳುವಿಗೆ ವಾರ್ಬ್ಲರ್, ನೆರಳಿಗೆ ಎಲ್ಲರೂ.

ಆ ಮರಗಳ ಮೇಲೆ ಬಂದಳಿಕೆಯ ಗುಪ್ಪೆಗಳು ಇರುತ್ತವೆ. ಅಂಥ ಒಂದು ಗುಪ್ಪೆಯ ಎದುರು ಕುಳಿತರೆ ಫೀನೊಪೆಪ್ಲ ಎಂಬ ಹಕ್ಕಿ ಬಂದೇ ಬರುತ್ತದೆ. ಗಂಡು ಮಿರಿಮಿರಿ ಕಪ್ಪು, ಕೆಂಪು ಕಣ್ಣು, ಚೂಪು ಜುಟ್ಟು, ಹಾರಿದಾಗ ರೆಕ್ಕೆಯಲ್ಲಿ ಫಕ್ಕನೆ ಬಿಳಿ. ಬಂದಳಿಕೆಯ ಹಣ್ಣೇ ಅದರ ಜೀವ. ಹಣ್ಣು ನುಂಗಿ, ಬೀಜವನ್ನು ಅಂಟಿನ ಜೊತೆ ಕೊಂಬೆಯ ಮೇಲೆ ಉದುರಿಸಿ, ತನ್ನ ಮುಂದಿನ ಪೀಳಿಗೆಯ ಊಟವನ್ನು ತಾನೇ ಬಿತ್ತುತ್ತದೆ. ಮರುಭೂಮಿಯಲ್ಲಿ ವಸಂತದಲ್ಲಿ ಒಂದು ಸಂಸಾರ ಮುಗಿಸಿ, ಬಿಸಿಲು ಏರಿದಾಗ ಹೊಳೆದಂಡೆ, ಓಕ್ ಕಾಡುಗಳ ಕಡೆ ಹೊರಟುಹೋಗುತ್ತದೆ. ಇದನ್ನು ಕಾಣಲು ನಡೆಯಬೇಕಾದ್ದಿಲ್ಲ, ಕೂತಿರಬೇಕು. ನನ್ನ ಜೊತೆ ಬರುವವರಿಗೆ ನಾನು ಮೊದಲು ಕಲಿಸುವುದೇ ಕೂರುವುದನ್ನು. ಒಂದು ನೆರಳು, ಒಂದು ಹೂಬಿಟ್ಟ ಓಕೊಟಿಯೊ ಪೊದೆ, ಮುಕ್ಕಾಲು ಗಂಟೆ ಸುಮ್ಮನೆ. ಮಡಚುವ ಎರಡು ಕುರ್ಚಿ ಕಾರಿನಲ್ಲಿ ಹಾಕಿಕೊಳ್ಳಿ. ಎಲ್ಲಕ್ಕಿಂತ ಹೆಚ್ಚು ಹಕ್ಕಿ ತೋರಿಸುವುದು ಅವೇ.

ಇನ್ನು ಹೊತ್ತು. ಏಪ್ರಿಲ್ ಮಧ್ಯದಲ್ಲಿ ನಿಮ್ಮಲ್ಲಿ ಆರರ ಹೊತ್ತಿಗೆ ಸೂರ್ಯ ಹುಟ್ಟುತ್ತಾನೆ. ಅದಕ್ಕೂ ಅರ್ಧ ಗಂಟೆ ಮೊದಲು ಜಾಗದಲ್ಲಿರಿ, ಹತ್ತಕ್ಕೆ ಹೊರಟುಬಿಡಿ. ಹಕ್ಕಿಗೆ ಬೆವರಿಲ್ಲ. ಮೈ ಕಾದಾಗ ಬಾಯಿ ತೆರೆದು ಏದುಸಿರು ಬಿಟ್ಟು ತಣಿಸಿಕೊಳ್ಳಬೇಕು, ಹಾಗೆ ಬಿಟ್ಟ ಒಂದೊಂದು ಉಸಿರಿಗೂ ನೀರು ಖರ್ಚು. ಆರೇಳು ಗ್ರಾಂ ತೂಗುವ ವರ್ಡಿನ್‌ನಂಥ ಹಕ್ಕಿಗೆ ಆ ಖರ್ಚು ಭರಿಸಲಾಗದು. ಅದಕ್ಕೇ ಹತ್ತು ಗಂಟೆ ದಾಟಿದರೆ ನೆರಳು ಹಿಡಿದು ಅಲುಗದೆ ಕೂರುತ್ತದೆ. ಮರುಭೂಮಿ ಆಗ ಖಾಲಿಯಾಗಿರುವುದಿಲ್ಲ, ಉಳಿತಾಯ ಮಾಡುತ್ತಿರುತ್ತದೆ. ಮನುಷ್ಯರೂ ಆ ಹೊತ್ತಿನಲ್ಲಿ ಅದನ್ನೇ ಮಾಡಬೇಕು. ಭಾರತಕ್ಕೂ ಅರಿಜೋನಾಕ್ಕೂ ಹನ್ನೆರಡೂವರೆ ಗಂಟೆಯ ಅಂತರವಾದ್ದರಿಂದ ಮೊದಲ ಮೂರ್ನಾಲ್ಕು ದಿನ ನಿಮ್ಮ ಗೆಳತಿ ಬೆಳಗಿನ ಜಾವ ಮೂರಕ್ಕೇ ಎದ್ದು ಕೂತರೆ ಅಚ್ಚರಿಯಿಲ್ಲ. ಮಲಗಿಸಲು ಒದ್ದಾಡಬೇಡಿ. ಆ ಬೆಳಗುಗಳನ್ನು ಬಳಸಿಕೊಳ್ಳಿ, ಮಧ್ಯಾಹ್ನ ಮಲಗಲಿ.

ರೋಡ್‌ರನ್ನರ್ ಸಿಗುವುದೂ ಆ ಹೊತ್ತಿನಲ್ಲೇ. ರಾತ್ರಿ ಅದು ಮೈಯ ಉಷ್ಣತೆಯನ್ನು ಕೊಂಚ ಇಳಿಸಿಕೊಂಡಿರುತ್ತದೆ. ಸೂರ್ಯ ಬಂದ ಕೂಡಲೇ ಬಿಸಿಲಿಗೆ ಬೆನ್ನು ಕೊಟ್ಟು ನಿಂತು ಬೆನ್ನಿನ ಗರಿಗಳನ್ನು ಎತ್ತುತ್ತದೆ, ಕೆಳಗಿನ ಕಪ್ಪು ಚರ್ಮ ಶಾಖ ಹೀರುತ್ತದೆ. ಹಾಗೆ ನಿಂತಾಗ ನಿಮ್ಮ ಕಡೆ ಗಮನ ಕಡಿಮೆ, ಚೆನ್ನಾಗಿ ನೋಡಬಹುದು. ಬೇಲಿಕಂಬ, ಕಲ್ಲುಗುಡ್ಡೆ, ಊರಂಚಿನ ಗೋಡೆಗಳ ಪೂರ್ವದ ಬದಿ ನೋಡುತ್ತಾ ಹೋಗಿ. ಮೈ ಬೆಚ್ಚಗಾದ ಮೇಲೆ ಹಲ್ಲಿ, ಓತಿಕ್ಯಾತಗಳ ಹಿಂದೆ ಓಡಿದರೆ ಮುಗಿಯಿತು, ಕಣ್ಣಿಗೆ ಸಿಗುವುದು ಬಾಲ ಮಾತ್ರ.

ಎಲ್ಲಿಗೆ ಹೋಗಲಿ ಎಂದು ನೀವು ನೇರ ಕೇಳಿಲ್ಲ, ಆದರೂ ಹೇಳುತ್ತೇನೆ. ಮೊದಲ ಬೆಳಗಿಗೆ ನಿಮ್ಮ ಮನೆಯ ಹತ್ತಿರದ ಗಿಲ್ಬರ್ಟ್ ರೈಪೇರಿಯನ್ ಪ್ರಿಸರ್ವ್ ಸಾಕು. ಶುದ್ಧೀಕರಿಸಿದ ಊರ ನೀರನ್ನು ನೆಲಕ್ಕೆ ಇಂಗಿಸಲು ಮಾಡಿದ ಕೆರೆಗಳು ಅವು. ಉದ್ದಗಾಲಿನ ಸ್ಟಿಲ್ಟ್, ಮೇಲ್ಮುಖ ಕೊಕ್ಕಿನ ಆವೊಸೆಟ್, ಪುಟ್ಟ ಕಡಲಗೊರವಗಳು ಸಿಗುತ್ತವೆ. ದಾರಿ ಸಮತಟ್ಟು, ನೆರಳಿದೆ, ಶೌಚಾಲಯವಿದೆ. ಪ್ರಯಾಣದ ದಣಿವು ಆರದವರಿಗೆ ಹೇಳಿ ಮಾಡಿಸಿದ ಜಾಗ. ಅದರದೊಂದೇ ಕೊರತೆ, ಜನಸಂದಣಿ. ಅಲ್ಲಿ ಗುಲಾಬಿ ಮುಖದ ಗಿಳಿಗಳ ಗುಂಪು ಕಂಡರೆ ಗೆಳತಿ ತಬ್ಬಿಬ್ಬಾಗಬಹುದು. ಅವು ಆಫ್ರಿಕಾದ ಲವ್‌ಬರ್ಡ್‌ಗಳು, ಪಂಜರದಿಂದ ತಪ್ಪಿಸಿಕೊಂಡವುಗಳ ಸಂತತಿ ಫೀನಿಕ್ಸ್ ಸುತ್ತ ನೆಲೆಯೂರಿದೆ. ಗಿಲ್ಬರ್ಟ್‌ನಲ್ಲೇ ಝಂಹೇರೊ ಪಾರ್ಕ್‌ನಲ್ಲಿ ಬಿಲಗೂಬೆಗಳಿಗೆಂದು ಕೃತಕ ಬಿಲ ಮಾಡಿಟ್ಟಿದ್ದಾರೆ. ಎಲ್ಫ್ ಗೂಬೆ ಸಿಗದಿದ್ದರೂ ಹಗಲಲ್ಲೇ ಬಿಲದ ಬಾಯಲ್ಲಿ ನಿಂತ ಗೂಬೆಯನ್ನು ನೋಡಿದ ಸಮಾಧಾನ ಇರುತ್ತದೆ.

ಅಪ್ಪಟ ಮರುಭೂಮಿಗೆ ಸವಾರೊ ನ್ಯಾಷನಲ್ ಪಾರ್ಕ್. ದಕ್ಷಿಣ ಅರಿಜೋನಾದ ನಗರ ಟೂಸಾನ್‌ನ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಎಂದು ಎರಡು ಭಾಗವಿದೆ, ಕಳ್ಳಿಯ ದಟ್ಟಣೆ ಪಶ್ಚಿಮದಲ್ಲಿ ಹೆಚ್ಚು. ಒಬ್ಬರ ಬೆನ್ನ ಮೇಲೊಬ್ಬರು ನಿಂತು, ಕೂಡಿ ಬೇಟೆಯಾಡುವ ಹ್ಯಾರಿಸ್ ಗಿಡುಗ ಆ ಸೀಮೆಯ ವಿಶೇಷ. ಗೆಳತಿಗೆ ಇದನ್ನು ಎಲ್ಫ್ ಗೂಬೆಗಿಂತ ಮೊದಲು ತೋರಿಸಿ ಎನ್ನುತ್ತೇನೆ ನಾನು. ಟೂಸಾನ್‌ನ ಸ್ವೀಟ್‌ವಾಟರ್ ವೆಟ್‌ಲ್ಯಾಂಡ್ಸ್ ಕೂಡ ಒಳ್ಳೆಯದೇ. ಬೇಸಿಗೆಯ ತಿಂಗಳುಗಳಲ್ಲಿ ಸೋಮವಾರ ಬೆಳಿಗ್ಗೆ ಸೊಳ್ಳೆ ನಿಯಂತ್ರಣಕ್ಕೆಂದು ಮುಚ್ಚಿರುತ್ತಾರೆ, ಬೇರೆ ದಿನ ಹೋಗಿ. ಒಂದು ದಿನ ಬೆಟ್ಟಕ್ಕಿರಲಿ. ಟೂಸಾನ್‌ನಿಂದ ಮೌಂಟ್ ಲೆಮ್ಮನ್ ರಸ್ತೆ ಹತ್ತಿದರೆ ಕಳ್ಳಿಯಿಂದ ಶುರುವಾಗಿ ಸುಮಾರು 43 ಕಿಲೋಮೀಟರ್‌ನಲ್ಲಿ ಪೈನ್ ಕಾಡು ಸೇರುತ್ತೀರಿ, ಹಕ್ಕಿಗಳೂ ಪೂರ್ತಿ ಬೇರೆ. ಬಿಸಿಲು ವಿಪರೀತವಾದ ದಿನಕ್ಕೆ ಇದು ಪರಿಹಾರವೂ ಹೌದು. ತುದಿ 2,700 ಮೀಟರ್ ದಾಟುವುದರಿಂದ ಬಿಪಿ ಇರುವವರು ಅಲ್ಲಿ ನಿಧಾನವಾಗಿ ನಡೆಯಲಿ. ಹತ್ತು ದಿನದಲ್ಲಿ ನಾಲ್ಕೈದು ಬೆಳಗು ಹಕ್ಕಿಗೆ ಮೀಸಲಿಟ್ಟರೆ ಧಾರಾಳ. ದಿನವೂ ಹೊರಟರೆ ಕೊನೆಗೆ ಇಬ್ಬರಿಗೂ ಸಾಕಾಗುತ್ತದೆ.

ಈಗ ಎಲ್ಫ್ ಗೂಬೆ, ಮತ್ತು ಫೋನಿನ ಕೂಗು. ಎಲ್ಫ್ ಗೂಬೆ ಜಗತ್ತಿನ ಗೂಬೆಗಳಲ್ಲೇ ಅತಿ ಹಗುರ, ಸುಮಾರು 40 ಗ್ರಾಂ. ಮಾರ್ಚ್‌ನಲ್ಲಿ ಬರುತ್ತದೆ, ಏಪ್ರಿಲ್‌ನಲ್ಲಿ ಗಂಡು ಪೊಟರೆ ಹಿಡಿದು ಕೂಗಿ ಹೆಣ್ಣನ್ನು ಕರೆಯುತ್ತದೆ. ಫೋನಿನಲ್ಲಿ ಅದೇ ಕೂಗು ಹಾಕಿದರೆ ಹೊರಗೆ ಬರುವುದು ನಿಜ. ಬರುವುದು ಏಕೆ ಎನ್ನುವುದನ್ನು ನೋಡಬೇಕು. ತನ್ನ ಜಾಗಕ್ಕೆ, ತನ್ನ ಹೆಣ್ಣಿಗೆ ಕಣ್ಣು ಹಾಕಿದ ಇನ್ನೊಂದು ಗಂಡು ಬಂದಿದೆ ಎಂದು ಹೆದರಿ, ಸಿಟ್ಟಾಗಿ ಬರುತ್ತದೆ. ಬೇಟೆ ಬಿಟ್ಟು ಬರುತ್ತದೆ. ಇಲ್ಲದ ಶತ್ರುವನ್ನು ಹುಡುಕುತ್ತಾ ಬಯಲಿಗೆ ಬಿದ್ದಾಗ ದೊಡ್ಡ ಗೂಬೆಯ ಬಾಯಿಗೂ ಬೀಳಬಹುದು. ಒಬ್ಬರು ಒಮ್ಮೆ ಹಾಕಿದರೆ ಆಗುವ ನಷ್ಟ ಸಣ್ಣದು ಎಂದು ವಾದಿಸುವವರಿದ್ದಾರೆ. ಆದರೆ ಹೆಸರಾದ ಜಾಗದಲ್ಲಿ ನೀವು ಒಬ್ಬರೇ ಅಲ್ಲ, ದಿನಾ ಸಂಜೆ ಯಾರಾದರೊಬ್ಬರು ಬಂದು ಅದನ್ನೇ ಮಾಡಿದರೆ ಆ ಗೂಬೆ ಸಂಸಾರ ನಡೆಸುವುದು ಯಾವಾಗ? ಅಮೆರಿಕದ ನ್ಯಾಷನಲ್ ಪಾರ್ಕ್‌ಗಳ ನಿಯಮದಲ್ಲಿ ಗೂಡುಕಟ್ಟುವ ಪ್ರಾಣಿಪಕ್ಷಿಗಳಿಗೆ ಬೇಕೆಂದೇ ತೊಂದರೆ ಕೊಡುವುದು ಅಪರಾಧ, ಕೂಗು ಹಾಕಿ ಕರೆಯುವುದೂ ಅದರಲ್ಲಿ ಸೇರುತ್ತದೆ. ನಿಯಮ ಇಲ್ಲದ ಜಾಗದಲ್ಲೂ ನಾನು ಹಾಕುವುದಿಲ್ಲ, ಹಾಕಿಸುವುದೂ ಇಲ್ಲ.

ಹಾಗಾದರೆ ನೋಡುವುದು ಹೇಗೆ? ಒಂದು ದಾರಿ, ಹಳೆಯ ಪೊಟರೆಗಳಿರುವ ಸವಾರೊಗಳ ಎದುರು ಸೂರ್ಯ ಮುಳುಗುವ ಮೊದಲೇ ಹೋಗಿ ಕೂರುವುದು. ಕತ್ತಲಾಗುವ ಹೊತ್ತಿಗೆ ನಾಯಿಮರಿ ಕುಂಯ್‌ಗುಟ್ಟಿದಂಥ ಚುರುಕು ಕೂಗು ಕೇಳಿಸುತ್ತದೆ, ಪೊಟರೆಯ ಬಾಯಲ್ಲಿ ಬಿಳಿ ಹುಬ್ಬಿನ ಪುಟ್ಟ ಮುಖ ಕಾಣಬಹುದು. ಕೇಳುವುದು ಹೆಚ್ಚುಕಡಿಮೆ ಖಾತ್ರಿ, ಕಾಣುವುದು ಖಾತ್ರಿಯಿಲ್ಲ. ಎಷ್ಟೋ ಪಾರ್ಕ್‌ಗಳ ಗೇಟು ಸೂರ್ಯಾಸ್ತಕ್ಕೆ ಮುಚ್ಚುವುದರಿಂದ ವೇಳೆ ಮೊದಲೇ ವಿಚಾರಿಸಿ, ಇಲ್ಲವೇ ಮೆಸಾ ಹತ್ತಿರದ ಉಸೆರಿ ಮೌಂಟನ್‌ನಂಥ ಕಡೆ ರಾತ್ರಿ ಕ್ಯಾಂಪ್ ಮಾಡಿ. ಇನ್ನೊಂದು ದಾರಿ, ಟೂಸಾನ್‌ನ ದಕ್ಷಿಣಕ್ಕೆ ಸಾಂಟಾ ರೀಟಾ ಬೆಟ್ಟಗಳಲ್ಲಿರುವ ಮಡೆರಾ ಕಣಿವೆ. ಅಲ್ಲಿ ತಂಗುಮನೆಯ ಪಕ್ಕದ ಕಂಬದ ಪೊಟರೆಯಲ್ಲೂ ಎಲ್ಫ್ ಗೂಬೆ ಗೂಡು ಮಾಡಿದ್ದುಂಟು. ಜನ ಸಂಜೆ ಸದ್ದಿಲ್ಲದೆ ನಿಂತು ನೋಡುತ್ತಾರೆ. ಕಾಣುವ ಸಾಧ್ಯತೆ ಹೆಚ್ಚು, ಆದರೆ ನಿಮ್ಮ ಮನೆಯಿಂದ ಎರಡು ಗಂಟೆಗೂ ಮೀರಿದ ಡ್ರೈವ್. ಗೂಬೆ ನೋಡಿ ಕತ್ತಲಲ್ಲಿ ವಾಪಸಾಗುವ ಬದಲು ರಾತ್ರಿ ಅಲ್ಲೇ ತಂಗಿ. ಎಲ್ಲೇ ಆಗಲಿ, ಟಾರ್ಚನ್ನು ಪೊಟರೆಯ ಮೇಲೆ ಹಾಯಿಸಿ ನಿಲ್ಲಿಸಬೇಡಿ.

ಹಿತ್ತಿಲ ಗೂಡಿನ ವಿಷಯಕ್ಕೆ ಬರುತ್ತೇನೆ. ಮುಳ್ಳುಕಳ್ಳಿ ಎಂದಿದ್ದೀರಲ್ಲ, ಅದು ಚೋಯಾ. ನೀವು ಬರೆದ ಗುರುತು ನೋಡಿದರೆ ಹಕ್ಕಿ ಕ್ಯಾಕ್ಟಸ್ ರೆನ್ ಇರಬೇಕು, ಅರಿಜೋನಾದ ರಾಜ್ಯಪಕ್ಷಿ. ಗೂಡು ಹುಲ್ಲಿನದು, ಉದ್ದುದ್ದ, ಬಾಗಿಲು ಒಂದು ಪಕ್ಕಕ್ಕೆ ಇದ್ದರೆ ಅನುಮಾನವೇ ಬೇಡ. ಚಳಿ ಮುಗಿಯದ ದಿನಗಳಲ್ಲಿ ಕಟ್ಟಿದ ಗೂಡಿನ ಬಾಗಿಲು ತಣ್ಣನೆ ಗಾಳಿಗೆ ಬೆನ್ನು ಹಾಕಿರುತ್ತದೆ, ಬೇಸಿಗೆ ಬಂದಂತೆ ಕಟ್ಟಿದ್ದರ ಬಾಗಿಲು ಮಧ್ಯಾಹ್ನದ ಗಾಳಿಗೆ ಮುಖ ಮಾಡಿರುತ್ತದೆ. ನಿಮ್ಮದು ಯಾವ ಕಡೆಗಿದೆ ಎಂದು ಕಿಟಕಿಯಿಂದಲೇ ಗೆಳತಿ ನೋಡಲಿ. ಹೆಣ್ಣು ಸುಮಾರು 16 ದಿನ ಕಾವು ಕೊಡುತ್ತದೆ, ಮರಿಗಳು ಮೂರು ವಾರದಷ್ಟು ಗೂಡಿನಲ್ಲೇ ಇರುತ್ತವೆ. ಅಷ್ಟರಲ್ಲಿ ಗಂಡು ಪಕ್ಕದಲ್ಲೇ ಇನ್ನೊಂದು ಗೂಡು ಕಟ್ಟುತ್ತಿರುತ್ತದೆ. ಆದ್ದರಿಂದ ಎರಡು ಮೂರು ಗೂಡು ಕಂಡರೆ ಎರಡು ಮೂರು ಸಂಸಾರ ಎಂದುಕೊಳ್ಳಬೇಡಿ.

ಮನುಷ್ಯರು ಮುಟ್ಟಿದ ವಾಸನೆಗೆ ತಾಯಿ ಗೂಡು ಬಿಟ್ಟುಹೋಗುತ್ತದೆ ಎಂಬ ಮಾತು ಎಲ್ಲ ಕಡೆಯೂ ಇದೆ. ಅದು ನಿಜವಲ್ಲ. ನಿಜವಾದ ಅಪಾಯ ಬೇರೆ. ನೀವು ಹತ್ತಿರ ನಿಂತಷ್ಟು ಹೊತ್ತೂ ತಾಯಿ ಗೂಡಿಗೆ ಬರುವುದಿಲ್ಲ. ಆ ಖಾಲಿ ಹೊತ್ತಿಗೇ ಹಾವೋ ಮತ್ತೊಂದು ಹಕ್ಕಿಯೋ ಕಾದಿರುತ್ತದೆ. ಅದೇ ಚೋಯಾಕ್ಕೆ ಜಗಳ ಕಾಯುವ ಬಾಗುಕೊಕ್ಕಿನ ಥ್ರ್ಯಾಶರ್ ಹಕ್ಕಿ ಕ್ಯಾಕ್ಟಸ್ ರೆನ್ ಗೂಡನ್ನು ಕಿತ್ತು ಹಾಕುವುದೂ ಉಂಟು. ಪಾರಿವಾಳದಂಥವುಗಳ ತೆರೆದ ಗೂಡಾದರೆ ಇನ್ನೂ ಕಷ್ಟ. ಮಧ್ಯಾಹ್ನ ಹಕ್ಕಿ ಗೂಡಿನ ಮೇಲೆ ಕೂತಿರುವುದು ಮೊಟ್ಟೆಗೆ ಶಾಖ ಕೊಡಲು ಅಲ್ಲ, ನೆರಳು ಕೊಡಲು. ಅದನ್ನು ಎಬ್ಬಿಸಿದರೆ ನೇರ ಬಿಸಿಲಿಗೆ ಬಿದ್ದ ಮೊಟ್ಟೆಯೊಳಗಿನ ಜೀವ ಬೇಗ ಸಾಯುತ್ತದೆ. ಹಾಗಾಗಿ ಫೋಟೊ ಮನೆಯೊಳಗಿನಿಂದ, ಬೆಳಿಗ್ಗೆ ಅಥವಾ ಸಂಜೆ. ಹಕ್ಕಿ ನಿಮ್ಮನ್ನು ನೋಡಿ ಚರಚರ ಬೈಯಲು ಶುರುಮಾಡಿದರೆ ಇಲ್ಲವೇ ಹುಳು ಕೊಕ್ಕಲ್ಲಿ ಹಿಡಿದೂ ಗೂಡಿಗೆ ಹೋಗದೆ ಅಲ್ಲೇ ಸುಳಿದಾಡಿದರೆ, ನೀವು ಹೆಚ್ಚು ಹತ್ತಿರ ಬಂದಿದ್ದೀರಿ ಎಂದು ಅರ್ಥ. ಹಿಂದೆ ಸರಿಯಿರಿ. ಗೂಡಿನಿಂದ ದೂರದಲ್ಲಿ, ಕಿಟಕಿಗೆ ಎದುರಾಗಿ ಒಂದು ಆಳವಿಲ್ಲದ ತಟ್ಟೆಯಲ್ಲಿ ನೀರಿಟ್ಟು ದಿನಾ ಬದಲಿಸಿದರೆ ಅರ್ಧ ಹಕ್ಕಿಗಳು ತಾವಾಗಿಯೇ ಫೋಟೊಕ್ಕೆ ಬರುತ್ತವೆ.

ಹಾವಿನ ಭಯ. ಅರಿಜೋನಾದಲ್ಲಿ ಹದಿಮೂರು ಜಾತಿಯ ರ‍್ಯಾಟಲ್ ಹಾವುಗಳಿವೆ, ಏಪ್ರಿಲ್‌ನಲ್ಲಿ ಅವು ಹೊರಗಿರುತ್ತವೆ, ಇದನ್ನು ಮುಚ್ಚಿಡುವುದಿಲ್ಲ. ಆದರೆ ಅವು ಅಟ್ಟಿಸಿಕೊಂಡು ಬರುವುದಿಲ್ಲ. ಮನುಷ್ಯರನ್ನು ಕಚ್ಚಿ ಅವಕ್ಕೆ ಲಾಭವಿಲ್ಲ. ಕಚ್ಚಿಸಿಕೊಂಡವರಲ್ಲಿ ಹಿಡಿಯಲು, ಕೊಲ್ಲಲು, ಹತ್ತಿರದ ಫೋಟೊಕ್ಕೆ ಹೋದವರು ಬಹಳ. ಬಾಲ ಆಡಿಸಿ ಸದ್ದು ಮಾಡಿಯೇ ಮಾಡುತ್ತದೆ ಎಂದು ಮಾತ್ರ ನಂಬಬೇಡಿ, ಸುಮ್ಮನೆ ಮಲಗಿರುವುದೂ ಉಂಟು. ಕಾಲಿಡುವ, ಕೈಯಿಡುವ, ಕೂರುವ ಜಾಗವನ್ನು ಮೊದಲು ನೋಡಿ. ದುರ್ಬೀನು ಕಣ್ಣಿಗಿಟ್ಟುಕೊಂಡು ನಡೆಯಬಾರದು, ನಿಂತು ನೋಡಿ, ಇಳಿಸಿ, ಆಮೇಲೆ ಹೆಜ್ಜೆ. ಕತ್ತಲಾದರೆ ದಾರಿಗೆ ಟಾರ್ಚ್. ಕಚ್ಚಿದರೆ 911ಕ್ಕೆ ಕರೆ ಮಾಡಿ, ಉಂಗುರ, ಬಳೆ, ವಾಚು ತೆಗೆಯಿರಿ, ಅವರನ್ನು ಅಲುಗದಂತೆ ಕೂರಿಸಿ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು, ಐಸ್ ಇಡುವುದು ಯಾವುದೂ ಬೇಡ.

ಹಾವಿಗಿಂತ ಚೋಯಾ ಅಂಟಿಕೊಳ್ಳುವ ಸಂಭವ ನೂರು ಪಾಲು ಹೆಚ್ಚು. ಅದು ಜಿಗಿಯುತ್ತದೆ ಎನ್ನುವುದು ಸುಳ್ಳು. ತುಂಡುಗಳು ಸಡಿಲವಾಗಿ ಕೂಡಿಕೊಂಡಿರುವುದರಿಂದ ತಾಗಿದರೆ ಸಾಕು ಕಳಚಿ ಬರುತ್ತವೆ, ಮುಳ್ಳಿನ ತುದಿಗೆ ಹಿಮ್ಮುಖ ಕೊಕ್ಕೆಗಳಿವೆ. ಕೈಯಿಂದ ಕೀಳಲು ಹೋದರೆ ಕೈಗೂ ಅಂಟುತ್ತದೆ. ಅಗಲ ಹಲ್ಲಿನ ಬಾಚಣಿಗೆಯನ್ನು ಚರ್ಮಕ್ಕೂ ತುಂಡಿಗೂ ನಡುವೆ ತೂರಿಸಿ ಒಂದೇ ಸಲಕ್ಕೆ ಆಚೆಗೆ ಹಾರಿಸಿ, ಉಳಿದ ಮುಳ್ಳನ್ನು ಚಿಮುಟದಿಂದ ತೆಗೆಯಿರಿ. ಎರಡೂ ಚೀಲದಲ್ಲಿರಲಿ. ಚಪ್ಪಲಿ ಬೇಡ, ಶೂ ಹಾಕಿ.

ನಿಜಕ್ಕೂ ಎಚ್ಚರ ಬೇಕಾದ್ದು ಬಿಸಿಲಿನ ಬಗ್ಗೆ. ಏಪ್ರಿಲ್‌ನಲ್ಲಿ ಫೀನಿಕ್ಸ್ ಸುತ್ತ ಮಧ್ಯಾಹ್ನ 30 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಕೆಲವು ದಿನ 35 ದಾಟುತ್ತದೆ. ‘ಇಷ್ಟೇನಾ, ನಮ್ಮಲ್ಲೂ ಇದೆ’ ಎಂದು ಮೈಸೂರಿನವರಿಗೆ ಅನ್ನಿಸುತ್ತದೆ, ಅಲ್ಲೇ ತಪ್ಪುವುದು. ಇಲ್ಲಿನ ಒಣ ಹವೆಯಲ್ಲಿ ಬೆವರು ಬಂದದ್ದೇ ತಿಳಿಯದಂತೆ ಆರಿಹೋಗುತ್ತದೆ. ಬಟ್ಟೆ ಒದ್ದೆಯಾಗುವುದಿಲ್ಲ, ಬಾಯಾರಿಕೆ ತಡವಾಗಿ ಬರುತ್ತದೆ. ಜೊತೆಗೆ, ಬಿಪಿ ಮಾತ್ರೆಗಳಲ್ಲಿ ಕೆಲವು ಮೂತ್ರ ಹೆಚ್ಚಿಸಿ ಮೈಯ ನೀರು, ಉಪ್ಪು ಇಳಿಸುವಂಥವು. ಅಂಥವರಿಗೆ ಎದ್ದು ನಿಂತಾಗ ತಲೆ ಸುತ್ತುವುದು ಬೇಗ. ಹೊರಡುವ ಮೊದಲೇ ತಮ್ಮ ವೈದ್ಯರ ಬಳಿ ಮಾತ್ರೆಯ ಹೆಸರು ತೋರಿಸಿ, ‘ಒಣ ಬಿಸಿಲಿನಲ್ಲಿ ನಡೆಯುವುದಿದೆ’ ಎಂದು ಹೇಳಿ ಕೇಳಿಕೊಂಡು ಬರಲಿ. ಮಾತ್ರೆಯನ್ನು ತಾವೇ ನಿಲ್ಲಿಸುವುದು, ಕಡಿಮೆ ಮಾಡುವುದು ಕೂಡದು. ನಡೆಯುವಾಗ ಗಂಟೆಗೆ ಅರ್ಧದಿಂದ ಒಂದು ಲೀಟರ್ ನೀರು ಬೇಕಾಗಬಹುದು, ಅವರಿಗೆ ಎಷ್ಟು ಸರಿ ಎನ್ನುವುದನ್ನೂ ವೈದ್ಯರೇ ಹೇಳಲಿ. ಬರಿ ನೀರಲ್ಲದೆ ಉಪ್ಪಿನಂಶದ ತಿನಿಸೂ ಇರಲಿ. ಕಾರಿನಲ್ಲಿ ಬೇರೆಯೇ ಒಂದು ಕ್ಯಾನ್ ನೀರು ಇಡಿ. ತಲೆನೋವು, ವಾಕರಿಕೆ ಬಂದರೆ ಆ ಬೆಳಗಿನ ಹಕ್ಕಿ ಅಲ್ಲಿಗೆ ಮುಗಿಯಿತು, ನೆರಳಿಗೆ ಬಂದು ತಣಿಸಿಕೊಳ್ಳಬೇಕು. ಮಾತು ತೊದಲಿದರೆ, ಗೊಂದಲವಾದಂತೆ ಕಂಡರೆ ಮೈಗೆ ನೀರು ಹಾಕುತ್ತಲೇ 911ಕ್ಕೆ ಕರೆ ಮಾಡಿ. ಕಳ್ಳಿ ಕೊಯ್ದರೆ ನೀರು ಸಿಗುತ್ತದೆ ಎನ್ನುವುದು ಸಿನಿಮಾದ ಮಾತು. ಆ ರಸ ಹೊಟ್ಟೆ ಕೆಡಿಸಿ ಇರುವ ನೀರನ್ನೂ ಕಳೆಯುತ್ತದೆ.

‘ನನಗೆ ಗಂಧಗಾಳಿಯೂ ಇಲ್ಲ’ ಎಂದು ಬರೆದಿದ್ದೀರಿ. ಹಕ್ಕಿಯ ಹೆಸರು ಹೇಳುವ ಕೆಲಸ ನಿಮ್ಮದಲ್ಲ, ಅದನ್ನು ಅವರು ಪುಸ್ತಕ ನೋಡಿ ಮಾಡಿಕೊಳ್ಳುತ್ತಾರೆ. ಆ ಹುಡುಕಾಟದಲ್ಲೇ ಅವರಿಗೆ ಸುಖ. ಹೊಸ ನೆಲದಲ್ಲಿ ಹಕ್ಕಿಯ ಹಿಂದೆ ಬಿದ್ದ ಅನುಭವಿಗೆ ಹೊತ್ತಿನ, ಬಿಸಿಲಿನ ಪರಿವೆ ಇರುವುದಿಲ್ಲ. ಹತ್ತಕ್ಕೆ ‘ನಡಿ ಹೋಗೋಣ’ ಎನ್ನಲು, ನೀರಿನ ಬಾಟಲಿ ಕೈಗೆ ಕೊಡಲು ಹಕ್ಕಿಯ ಹುಚ್ಚಿಲ್ಲದ ಒಬ್ಬರು ಪಕ್ಕದಲ್ಲಿರಬೇಕು. ಜೊತೆಯಲ್ಲಿ ಇನ್ನೊಂದು ದುರ್ಬೀನು ಎರವಲು ತಂದುಕೊಳ್ಳಿ, 8x42 ಅಳತೆಯದು ಸಾಕು. ಕಾಸ್ಟಾಸ್ ಹಮ್ಮಿಂಗ್‌ಬರ್ಡ್‌ನ ಗಂಟಲು ಕಪ್ಪಗೆ ಕಂಡದ್ದು, ಅದು ತಲೆ ತಿರುಗಿಸಿದ ಕೂಡಲೇ ನೇರಳೆಯಾಗಿ ಹೊತ್ತಿಕೊಳ್ಳುವುದನ್ನು ನೋಡಲು ಹೆಸರು ಗೊತ್ತಿರಬೇಕಿಲ್ಲ.

ಎರಡು ಮಾತು ಬಾಕಿ. ನೆಲಕ್ಕೆ ಬಿದ್ದ ಚಂದದ ಗರಿಯನ್ನು ನೆನಪಿಗೆಂದು ಊರಿಗೆ ಒಯ್ಯುವ ಆಸೆ ಗೆಳತಿಗೆ ಆಗಬಹುದು. 1918ರ ವಲಸೆಹಕ್ಕಿ ಕಾಯಿದೆಯ ಪ್ರಕಾರ ಇಲ್ಲಿನ ಬಹುಪಾಲು ಕಾಡುಹಕ್ಕಿಗಳ ಗರಿ, ಗೂಡು, ಮೊಟ್ಟೆಚಿಪ್ಪು ಇಟ್ಟುಕೊಳ್ಳುವುದೇ ತಪ್ಪು, ಬಿದ್ದು ಸಿಕ್ಕಿದ್ದಾದರೂ ಸರಿ. ಫೋಟೊ ತೆಗೆದು ಬಿಡಲಿ.

ಇನ್ನೊಂದು, ಇಲ್ಲಿನ ಮಣ್ಣಿನಲ್ಲಿ ವ್ಯಾಲಿ ಫೀವರ್ ತರುವ ಒಂದು ಶಿಲೀಂಧ್ರವಿದೆ. ಧೂಳಿನ ಜೊತೆ ಉಸಿರಿಗೆ ಸೇರುತ್ತದೆ, ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ. ಬಹುತೇಕರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ವಾರಗಟ್ಟಲೆ ಜ್ವರ, ಕೆಮ್ಮು, ಸುಸ್ತು. ಜೋರು ಗಾಳಿಗೆ ಧೂಳೆದ್ದ ದಿನ ಮನೆಯಲ್ಲೇ ಇರಿ. ಲಕ್ಷಣ ಕಾಣಿಸುವುದು ಒಂದರಿಂದ ಮೂರು ವಾರದ ನಂತರ, ಅಂದರೆ ಅವರು ಮೈಸೂರಿಗೆ ಮರಳಿದ ಮೇಲೆ. ಅಲ್ಲಿನ ವೈದ್ಯರು ಮೊದಲು ನ್ಯುಮೋನಿಯಾ, ಕ್ಷಯ ಎಂದೆಲ್ಲ ಯೋಚಿಸುವುದು ಸಹಜ, ಈ ಕಾಯಿಲೆ ಹೊಳೆಯುವುದು ಕಷ್ಟ. ವಾಪಸು ಹೋದ ಮೇಲೆ ಕೆಮ್ಮು, ಜ್ವರ ಬಿಡದೆ ಹಿಡಿದರೆ ‘ಏಪ್ರಿಲ್‌ನಲ್ಲಿ ಅರಿಜೋನಾದ ಮರುಭೂಮಿಯಲ್ಲಿ ಓಡಾಡಿದ್ದೆ’ ಎಂದು ವೈದ್ಯರಿಗೆ ಮೊದಲು ಹೇಳಬೇಕು ಎನ್ನುವುದನ್ನು ಅವರು ವಿಮಾನ ಹತ್ತುವ ಮುನ್ನ ಒಂದು ಚೀಟಿಯಲ್ಲಿ ಬರೆದುಕೊಡಿ.